ಏರ್ ಫ್ರೈಯರ್ ತಂದಾಯ್ತು, ಒಳಗೇನು ಹಾಕೋದು?

ಸ್ಕ್ಯಾನಿಂಗ್‌ನಲ್ಲಿ ನಮ್ಮೆಜಮಾನರಿಗೆ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ಸೇರೋದು) ಅಂತ ಬಂದಿದೆ, ಗ್ರೇಡ್ 1, ಅಂದರೆ ಇನ್ನೂ ಕಡಿಮೆ ಮಟ್ಟದ್ದು. ಕರಿದದ್ದು ಬಿಡಿ ಅಂದಿದ್ದಾರೆ ಡಾಕ್ಟರು. ಇವರಿಗೋ ಗರಿಗರಿ ಏನಾದರೂ ಇಲ್ಲದಿದ್ದರೆ ಊಟವೇ ಸೇರಲ್ಲ. ಅದಕ್ಕೇ ಏರ್ ಫ್ರೈಯರ್ ತಂದಿದ್ದೀನಿ. ಬಳಸಿ ಗೊತ್ತಿರೋರು ದಯವಿಟ್ಟು ಹೇಳಿ.

— ನಾನು ಮಾಡಿದ ದಡ್ಡತನ ನೀವು ಮಾಡಬೇಡಿ. ಮೊದಲ ತಿಂಗಳು ಪೂರ್ತಿ ಫ್ರೋಜನ್ ಫ್ರೈಸ್, ನಗೆಟ್ಸ್ ತಂದು ತಂದು ಸುರಿದೆ. ತೊಟ್ಟು ಎಣ್ಣೆ ಹಾಕಿಲ್ಲ ಅಂತ ಹೆಮ್ಮೆ ಬೇರೆ! ಒಂದಿನ ತೊಳೆಯೋಕೆ ಬುಟ್ಟಿ ಎತ್ತಿದರೆ ತಳದಲ್ಲಿ ಹಳದಿ ಜಿಡ್ಡು ನಿಂತಿದೆ. ನಾನು ಹಾಕದ ಎಣ್ಣೆ ಎಲ್ಲಿಂದ ಬಂತು? ಪ್ಯಾಕೆಟ್ ತಿರುಗಿಸಿ ಓದಿದೆ. ಕಾರ್ಖಾನೆಯಲ್ಲೇ ಒಂದು ಸುತ್ತು ಕರಿದಿರ್ತಾರೆ, ನಾವು ಬಿಸಿ ಮಾಡ್ಕೊಂಡು ತಿಂತೀವಿ ಅಷ್ಟೆ.

ಈಗ ಆಲೂಗಡ್ಡೆ ನಾನೇ ಹೆಚ್ಚಿ ಅರ್ಧ ಗಂಟೆ ನೀರಲ್ಲಿ ಬಿಡ್ತೀನಿ. ಆಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಬೇಕು, ತೇವ ಉಳಿದರೆ ಗರಿ ಬರಲ್ಲ. ಒಂದೇ ಟೀ ಚಮಚ ಎಣ್ಣೆ (ಸುಮಾರು 40 ಕ್ಯಾಲೊರಿ) ಕೈಯಲ್ಲೇ ಸವರಿ, 180 ಡಿಗ್ರಿಯಲ್ಲಿ 18–20 ನಿಮಿಷ. ಮಧ್ಯೆ ಒಂದ್ಸಲ ಕುಲುಕಿ. ಹೊಂಬಣ್ಣ ಬಂದ ಕೂಡಲೇ ತೆಗೆದುಬಿಡಿ, ಕಪ್ಪಗಾದಷ್ಟೂ ಅಕ್ರಿಲಮೈಡ್ (ಆಲೂಗಡ್ಡೆಯಂಥದ್ದು ಜಾಸ್ತಿ ಕಾದಾಗ ಹುಟ್ಟೋ, ಒಳ್ಳೇದಲ್ಲದ ರಾಸಾಯನಿಕ) ಜಾಸ್ತಿ.

— ಆಲೂಗಡ್ಡೆಯನ್ನೇ ಯಾಕೆ ಹಿಡ್ಕೊಂಡಿದ್ದೀರಿ? ಹೂಕೋಸು, ಬೀನ್ಸ್, ಬೇಯಿಸಿದ ಕಡಲೆಕಾಳು, ಮೀನು ಎಲ್ಲ ಚೆನ್ನಾಗಿ ಬರುತ್ತೆ. ಬುಟ್ಟಿ ಮಾತ್ರ ತುಂಬಿಸಬೇಡಿ. ಒಳಗಿರೋದು ಕಾಯೋ ಕಾಯಿಲ್ ಮತ್ತು ಒಂದು ಫ್ಯಾನು. ಬಿಸಿಗಾಳಿ ಸುತ್ತೋಕೆ ಜಾಗ ಇಲ್ಲದಿದ್ದರೆ ಹಬೆಯಲ್ಲಿ ಬೆಂದ ಹಾಗಾಗುತ್ತೆ.

— ಎಲ್ಲರೂ ಎಣ್ಣೆ ಹಿಂದೆ ಬಿದ್ದಿದ್ದೀರಿ. ನಮ್ಮಪ್ಪನ ವಿಷಯದಲ್ಲಿ ನಿಜವಾದ ಕಳ್ಳ ಸಕ್ಕರೆ. ಕರಿದದ್ದು ಬಿಟ್ಟು, ಆ ಸಿಟ್ಟಿಗೋ ಏನೋ, ದಿನಾ ಎರಡು ಲೋಟ ಜ್ಯೂಸ್ ಕುಡೀತಿದ್ರು. ಜ್ಯೂಸಲ್ಲಿ ಫ್ರಕ್ಟೋಸ್ ಅನ್ನೋ ಸಕ್ಕರೆ ಇರುತ್ತೆ, ಅದು ಅತಿಯಾದರೆ ಲಿವರ್ರೇ ಕೊಬ್ಬು ಮಾಡಿ ಇಟ್ಕೊಳ್ಳುತ್ತೆ. ಡಯಟಿಷಿಯನ್ ಹೇಳಿದ್ದು ತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿ ಅಂತ, ಅದೂ ನಿಧಾನಕ್ಕೆ. 85 ಕೆಜಿ ಇದ್ದವರಿಗೆ ಸುಮಾರು 6ರಿಂದ 8.5 ಕೆಜಿ ಆಯ್ತು. ಮೆಷಿನ್ ಒಂದೇ ಇದನ್ನ ಮಾಡಲ್ಲ, ನಡೀಬೇಕು. ಮದ್ಯದ ಅಭ್ಯಾಸ ಇದ್ದರೆ ಮೊದಲು ಅದು.

— ಕೇಳಿದವಳು ನಾನೇ. ಹೂಕೋಸು ಮಾಡಿದೆ. ಮೊದಲ ಸಲ ಮೆತ್ತಗೆ ಪಿಚಪಿಚ, ಬುಟ್ಟಿ ತುಂಬಾ ಹಾಕಿದ್ದೆ. ಮಾರನೇ ದಿನ ಎರಡು ಕಂತು ಮಾಡಿದೆ, ತುದಿಯೆಲ್ಲ ಕೆಂಪಗೆ ಗರಿಯಾಗಿ ಬಂತು. ತಿಂದರು. ಈಗ ಜೊತೆಗೆ ಟೊಮೆಟೊ ಸಾಸ್ ಬೇಕಂತೆ. ಅದರಲ್ಲೂ ಸಕ್ಕರೆ ಇರುತ್ತಲ್ವಾ?

— ಇರುತ್ತೆ. ಗಟ್ಟಿ ಮೊಸರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ನಿಂಬೆ ಹಿಂಡಿ ಕೊಡಿ. ಎರಡು ದಿನ ಗೊಣಗ್ತಾರೆ.