ರಜಾ ಶುರುವಾಗಿ ಹತ್ತು ದಿನ, ಮನೇಲಿ ಗಮ್ಮೂ ಖಾಲಿ ಐಡಿಯಾನೂ ಖಾಲಿ

ಇಬ್ಬರುಮಕ್ಕಳಮ್ಮ, ಜೆ.ಪಿ. ನಗರ

ನಮಸ್ಕಾರ ಎಲ್ರಿಗೂ. ದೊಡ್ಡವಳಿಗೆ ಆರು, ಚಿಕ್ಕವನಿಗೆ ಮೂರೂವರೆ. ರಜಾ ಕೊಟ್ಟು ಹತ್ತು ದಿನ ಆಗಿದೆ, ನಂಗೆ ಹತ್ತು ತಿಂಗಳಾದಂಗೆ ಅನ್ಸ್ತಿದೆ. ನಾನು ಮನೆಯಿಂದಾನೇ ಕೆಲಸ ಮಾಡೋದು, ಹನ್ನೊಂದರಿಂದ ನಾಲ್ಕರ ತನಕ ಈ ಬಿಸಿಲಲ್ಲಿ ಇಬ್ರನ್ನೂ ಆಚೆ ಬಿಡೋ ಹಾಗಿಲ್ಲ, ಅದೇ ಹೊತ್ತಿಗೆ ನನ್ನ ಮೀಟಿಂಗುಗಳು. ಮನೆ ಹತ್ರ ಒಂದು ಸಮ್ಮರ್ ಕ್ಯಾಂಪ್ ವಿಚಾರಿಸಿದೆ, ಹದಿನೈದು ದಿನಕ್ಕೆ ಎಂಟು ಸಾವಿರ ಅಂದ್ರು, ಚಿಕ್ಕವನನ್ನ ತಗೊಳ್ಳೋದೂ ಇಲ್ವಂತೆ.

ಸರಿ ಅಂತ ಆನ್‌ಲೈನಲ್ಲಿ ಕ್ರಾಫ್ಟ್ ಕಿಟ್ ತರಿಸಿದೆ. ಎಲ್ಲಾ ಕಟ್ ಮಾಡಿ ನಂಬರ್ ಹಾಕಿ ಇಟ್ಟಿರ್ತಾರೆ, ಅಂಟಿಸೋದಷ್ಟೇ ಬಾಕಿ, ಅದನ್ನೂ ಕೊನೆಗೆ ನಾನೇ ಅಂಟಿಸಿದ್ದು. ಮಗಳು "ಅಮ್ಮಾ ನೀನು ಚೆನ್ನಾಗಿ ಮಾಡ್ದೆ" ಅಂತ ಶಹಬ್ಬಾಸ್ ಹೇಳಿ ಟಿವಿ ಮುಂದೆ ಹೋಗಿ ಕೂತ್ಲು. ಚಿಕ್ಕವನು ಗ್ಲಿಟರ್ ಡಬ್ಬಿನ ಸೋಫಾ ಮೇಲೆ ಸುರಿದ, ಇವತ್ತಿಗೂ ನಮ್ಮನೆಯವ್ರು ಆಫೀಸಿಗೆ ಮಿಣಮಿಣ ಮಿಂಚ್ಕೊಂಡೇ ಹೋಗ್ತಾರೆ.

ಮನೇಲಿರೋ ಸಾಮಾನಲ್ಲೇ ಆಗೋ ಅಂಥದ್ದು, ಇಬ್ರೂ ಕೂತು ಮಾಡೋ ಅಂಥದ್ದು ಏನಾದ್ರೂ ಇದ್ರೆ ಹೇಳಿ. ಯೂಟ್ಯೂಬ್ ಲಿಂಕ್ ದಯವಿಟ್ಟು ಬೇಡ.

ಬನಶಂಕರಿ_ಅಪ್ಪ

ಮೇಡಂ, ಹೋದ ವರ್ಷ ನಮ್ಮನೇಲೂ ಇದೇ ಕಥೆ. ಒಂದು ಹೇಳ್ತೀನಿ, ಮೂರೂವರೆ ವರ್ಷದವನಿಗೆ ಆನೆ ಮಾಡು ಗಣಪತಿ ಮಾಡು ಅಂದ್ರೆ ಆಗಲ್ಲ, ಅವನಿಗೆ ಬೇಕಿರೋದು ಹರಿಯೋದು, ಕಲಸೋದು, ಬಳಿಯೋದು ಅಷ್ಟೇ. ಕೊನೇಲಿ ಏನೋ ಒಂದು ಆಗತ್ತೆ, ಆಗದೇನೂ ಇರಬಹುದು.

ನಮ್ಮನೇಲಿ ಸಕತ್ ಕೆಲಸ ಮಾಡಿದ್ದು ಅರಿಶಿನದ ಪೇಪರ್. ಒಂದು ಚಮಚ ಅರಿಶಿನ ಸ್ವಲ್ಪ ನೀರಿಗೆ ಹಾಕಿ ಕಲಸಿ, ಬಿಳಿ ಹಾಳೆಗೆ ಬಳೀರಿ (ಮದುವೆ ಕಾರ್ಡಿನ ಹಿಂಭಾಗ ಆಗತ್ತೆ, ಹೊಳಪಿರೋದು ಬೇಡ). ಅರಿಶಿನ ನೀರಲ್ಲಿ ಪೂರ್ತಿ ಕರಗಲ್ಲ, ತಳಕ್ಕೆ ಕೂರತ್ತೆ, ಅದಕ್ಕೆ ಕಲಕ್ತಾ ಕಲಕ್ತಾ ಬಳೀಬೇಕು. ಒಣಗಿದ ಮೇಲೆ ಅರ್ಧ ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಇಯರ್ ಬಡ್ ಅದ್ದಿ ಮಗೂ ಕೈಗೆ ಕೊಡಿ. ಹಳದಿ ಮೇಲೆ ಗೆರೆ ಎಳೀತಿದ್ದಂಗೇ ಕೆಂಪಗಾಗತ್ತೆ! ನಮ್ಮ ಆರತಿ ಓಕುಳಿ ಇದೆಯಲ್ಲ, ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕೆಂಪಾಗೋದು, ಅದೇ ಇದು. ಆದ್ರೆ ಸುಣ್ಣ ಮಕ್ಕಳ ಕೈಗೆ ಬೇಡ, ಕಣ್ಣಿಗೆ ಬಿದ್ರೆ ತುಂಬಾ ಅಪಾಯ, ಸೋಡಾ ಸಾಕು. ಆಮೇಲೆ ಕೆಂಪು ಗೆರೆ ಮೇಲೆ ನಿಂಬೆರಸ ಹಚ್ಚಿದ್ರೆ ವಾಪಸ್ ಹಳದಿ. ನನ್ನ ಮಗ ಆವತ್ತು ಹನ್ನೊಂದು ಹಾಳೆ ಮುಗಿಸಿದ, ಆ ವಾರ ಮನೇಲಿ ಚಿತ್ರಾನ್ನಕ್ಕೆ ನಿಂಬೆಹಣ್ಣಿರ್ಲಿಲ್ಲ.

ಹಳೇ ಬಟ್ಟೆ ಹಾಕಿ ಕೂರಿಸಿ. ಕಲೆ ಆದ್ರೆ ಒಗೆದು ಬಿಸಿಲಿಗೆ ಹಾಕಿ, ಸೋಪು ಬಿದ್ದಾಗ ಕೆಂಪಾಗತ್ತೆ, ಗಾಬರಿ ಆಗ್ಬೇಡಿ, ಬಿಸಿಲಿಗೆ ಅರಿಶಿನ ತಾನಾಗೇ ಮಾಸತ್ತೆ.

ರಾಜಾಜಿನಗರದಜ್ಜಿ

ಮೊಮ್ಮಗಳು ಟೈಪ್ ಮಾಡ್ತಿದಾಳೆ, ನಾನು ಹೇಳ್ತಿದೀನಿ ಕಣಮ್ಮ.

ನಿಮ್ಮನೇಲಿ ಹಳೇ ಪೇಪರ್ ಇರತ್ತಲ್ಲ, ಅದನ್ನ ರದ್ದಿಯವನಿಗೆ ಹಾಕ್ಬೇಡ. ನಮ್ಮ ಕಾಲದಲ್ಲಿ ಹೊಸ ಮೊರ ತಂದ್ರೆ ಪೇಪರ್ ನೆನೆಸಿ ಮೆಂತ್ಯ ಹಾಕಿ ರುಬ್ಬಿ ಬಳೀತಿದ್ವಿ, ಸಂದಿಯೆಲ್ಲ ಮುಚ್ಚಿ ಗಟ್ಟಿಯಾಗಿ ವರ್ಷಗಟ್ಟಲೆ ಬರೋದು. ಅದನ್ನೇ ಮಕ್ಕಳ ಕೈಲಿ ಮಾಡಿಸು. ಮೊದಲನೇ ದಿನ ಪೇಪರ್ ಹರಿಯೋ ಕೆಲಸ, ಚಿಕ್ಕೋನಿಗೆ ಅದಕ್ಕಿಂತ ಸಂತೋಷ ಇನ್ನೊಂದಿಲ್ಲ, ಎಷ್ಟು ಬೇಕಾದ್ರೂ ಹರೀಲಿ. ಬಕೆಟ್ಟಲ್ಲಿ ಎರಡು ದಿನ ನೆನೆಹಾಕು, ಮಧ್ಯ ಒಂದ್ಸಲ ನೀರು ಚೆಲ್ಲಿ ಬೇರೆ ನೀರು ಹಾಕು, ಇಲ್ಲಾಂದ್ರೆ ನಾತ ಬರತ್ತೆ. ಒಂದು ಹಿಡಿ ಮೆಂತ್ಯನೂ ಬೇರೆ ನೆನೆಸಿಟ್ಟಿರು. ಎರಡನ್ನೂ ಸೇರಿಸಿ ರುಬ್ಬು, ಮಿಕ್ಸಿಗೆ ಒಂದೇ ಸಲ ತುಂಬಿದ್ರೆ ಮೋಟಾರ್ ಸುಟ್ಟು ಹೋಗತ್ತೆ, ನಮ್ಮ ಸೊಸೇದು ಹೋಗಿದೆ. ಒಂದೊಂದೇ ಹಿಡಿ, ನೀರು ಜಾಸ್ತಿ ಹಾಕಿ ರುಬ್ಬಿ ಆಮೇಲೆ ಹಿಂಡು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗಿರ್ಬೇಕು.

ಸ್ಟೀಲ್ ಬಟ್ಟಲು ಬೋರಲು ಹಾಕಿ ಎಣ್ಣೆ ಸವರಿ, ಅದರ ಮೇಲೆ ಒಬ್ಬಟ್ಟು ತಟ್ಟಿದಂಗೆ ತಟ್ಟಿಸು. ದೊಡ್ಡವಳು ತಟ್ಲಿ, ಚಿಕ್ಕೋನು ಉಂಡೆ ಕಟ್ಲಿ. ಬಿಸಿಲಲ್ಲಿ ಎರಡು ಮೂರು ದಿನ ಇಟ್ರೆ ಗಟ್ಟಿಯಾಗಿ ಎದ್ದು ಬರತ್ತೆ. ಆಮೇಲೆ ಬಣ್ಣ ಹಚ್ಕೊಳ್ಲಿ, ಕ್ಲಿಪ್ಪು ಬಳೆ ಹಾಕಿಡ್ಲಿ. ತಿನ್ನೋದು ಮಾತ್ರ ಹಾಕ್ಬೇಡಿ, ಪೇಪರಿನ ಇಂಕ್ ಇರತ್ತೆ.

ಇನ್ನೊಂದು, ಮಾವಿನಹಣ್ಣು ತಿಂದು ವಾಟೆ ಎಸೀಬೇಡ. ತೊಳೆದು ಒಣಗಿಸಿದ್ರೆ ನಾರೆಲ್ಲ ಕೂದಲಿನ ಥರ ನಿಲ್ಲತ್ತೆ, ಕಣ್ಣು ಮೂಗು ಬರೆದ್ರೆ ಗಡ್ಡದಜ್ಜ. ರಸಪುರಿದು ಚೆನ್ನಾಗ್ ಬರತ್ತೆ.

ಹೊಂಗೆನೆರಳು

ಅಜ್ಜಿ ಸೂಪರ್! ನಾನು ಹೇಳ್ಬೇಕು ಅಂತಿದ್ದಿದ್ದು ಏನಂದ್ರೆ ಬೆಳಗ್ಗೆ ಏಳು ಗಂಟೆಗೆ ಒಂದು ಚೀಲ ಕೊಟ್ಟು ಮಕ್ಕಳನ್ನ ರಸ್ತೆಗೆ ಕರ್ಕೊಂಡ್ ಹೋಗಿ, ಏಪ್ರಿಲಲ್ಲಿ ಈ ಊರಲ್ಲಿ ಸಾಮಾನು ಕೊಳ್ಳೋ ಅವಶ್ಯಕತೇನೇ ಇಲ್ಲ. ಹೊಂಗೆ ಹೂ ಕಡ್ಲೆಪುರಿ ಚೆಲ್ಲಿದಂಗೆ ಬಿದ್ದಿರತ್ತೆ, ಗುಲ್‌ಮೊಹರ್ ಶುರುವಾಗಿದೆ, ಮಳೆಮರದ ಕಾಯಿ ಅಂಟಂಟಾಗಿ ಕಾಲಿಗೇ ಸಿಗತ್ತೆ. ಬಂದು ನೆಲದ ಮೇಲೆ ಸುರಿದು ಮುಖ, ಮೀನು, ರಂಗೋಲಿ ಏನ್ ಬೇಕಾದ್ರೂ ಜೋಡಿಸ್ಲಿ, ಅಂಟೂ ಬೇಡ, ಸಂಜೆ ಗುಡಿಸಿ ಗಿಡಕ್ಕೆ ಹಾಕಿದ್ರೆ ಆಯ್ತು. ಗುಲ್‌ಮೊಹರಿನ ಹೂವಲ್ಲಿ ಕೇಸರ ಇರತ್ತಲ್ಲ ಉದ್ದಕ್ಕೆ, ತುದೀಲಿ ಪುಟ್ಟ ತಲೆ, ಎರಡನ್ನ ಕೊಕ್ಕೆ ಹಾಕಿ ಎಳೆದು ಯಾರ ತಲೆ ಮೊದಲು ಉದುರತ್ತೆ ಅಂತ ನಾವು ಕೋಳಿಜಗಳ ಆಡ್ತಿದ್ವಿ. ಕ್ರಾಫ್ಟ್ ಅಲ್ಲ, ಗೊತ್ತು, ಆದ್ರೆ ಅರ್ಧ ಗಂಟೆ ಮನೇಲಿ ಶಾಂತಿ.

ಒಂದೇ ಹುಷಾರು. ಗುಲಗಂಜಿ, ಕೆಂಪಗೆ ಕರಿಚುಕ್ಕೆ ಇರತ್ತಲ್ಲ, ಅದು ಚಿಕ್ಕವನ ಕೈಗೆ ಬೇಡವೇ ಬೇಡ, ಅಗಿದು ನುಂಗಿದ್ರೆ ಪ್ರಾಣಕ್ಕೇ ಅಪಾಯ. ಕಣಗಿಲೆನೂ ವಿಷ. ಎಕ್ಕದ ಹಾಲು ಕಣ್ಣಿಗೆ ಬೀಳಬಾರ್ದು. ಮಣಿ ಪೋಣಿಸೋದೂ ಅವನಿಗೆ ಈಗಲೇ ಬೇಡ ಅನ್ಸತ್ತೆ, ನಮ್ಮವನು ಮೂಗಿಗೆ ಒಂದು ಮಣಿ ಏರಿಸ್ಕೊಂಡು ರಾತ್ರಿ ಹತ್ತಕ್ಕೆ ಡಾಕ್ಟರ್ ಹತ್ರ ಓಡಿದೀವಿ.

ಬನಶಂಕರಿ_ಅಪ್ಪ

ಅಂಟು ವಿಷಯ ಬಂತಲ್ಲ, ಗಮ್ಮಿಗೆ ದುಡ್ಡು ಹಾಕ್ಬೇಡಿ, ಎರಡು ಚಮಚ ಮೈದಾನ ಒಂದು ಲೋಟ ನೀರಲ್ಲಿ ಗಂಟಿಲ್ಲದಂಗೆ ಕಲಸಿ ಸಣ್ಣ ಉರೀಲಿ ಕುದಿಸಿದ್ರೆ ಅಂಟು ರೆಡಿ. ಹುಳ ಬರ್ದಿರ್ಲಿ ಅಂತ ಕೆಲವ್ರು ಮೈಲುತುತ್ತ ಹಾಕ್ತಾರೆ, ಪೋಸ್ಟರ್ ಅಂಟಿಸೋರು ಹಾಕ್ಕೊಳ್ಲಿ, ಮಕ್ಕಳಿರೋ ಮನೇಲಿ ಬೇಡ, ಅದು ವಿಷ. ಎರಡು ದಿನಕ್ಕೆ ಹುಳಿ ವಾಸನೆ ಬಂದ್ರೆ ಚೆಲ್ಲಿ, ಮತ್ತೆ ಮಾಡಿ.

ಆಮೇಲೆ ದೊಡ್ಡವಳಿಗೆ ಜೇಡಿಮಣ್ಣು ಬೇಕಂದ್ರೆ ಪಾಟರಿ ಟೌನಲ್ಲಿ ಕುಂಬಾರರ ಹತ್ರ ಕೇಳಿ ನೋಡಿ. ಕ್ಯಾಂಪೇ ಬೇಕು ಅಂದ್ರೆ ಕಬ್ಬನ್ ಪಾರ್ಕಿನ ಬಾಲ ಭವನದಲ್ಲಿ ಬೇಸಿಗೆ ಶಿಬಿರ ಮಾಡ್ತಾರೆ, ಹೋಗಿ ವಿಚಾರಿಸಿ.

ಇಬ್ಬರುಮಕ್ಕಳಮ್ಮ, ಜೆ.ಪಿ. ನಗರ

ಐದು ದಿನ ಆದ್ಮೇಲೆ ಬರೀತಿದೀನಿ. ಅರಿಶಿನ ಸೂಪರ್ ಹಿಟ್. ಮಗಳು ಸೋಡಾ ನೀರಲ್ಲಿ ತಮ್ಮನ ಹೆಸರು ಬರೆದ್ಲು, ತಮ್ಮ ನಿಂಬೆಹಣ್ಣು ಹಿಡ್ಕೊಂಡು ಬಂದು ಪೂರ್ತಿ ಅಳಿಸಿದ, ಜಗಳ ಆಯ್ತು, ಮತ್ತೆ ಬರೆದ್ಲು, ಮತ್ತೆ ಅಳಿಸಿದ. ನಾನು ಒಂದು ಮೀಟಿಂಗ್ ಪೂರ್ತಿ ಮುಗಿಸ್ದೆ!

ಅಜ್ಜಿ, ನಿಮ್ಮ ಬಟ್ಟಲೂ ಮಾಡಿದ್ವಿ, ನಾಲ್ಕು. ಮಹಡಿ ಮೇಲೆ ಒಣಗೋಕೆ ಇಟ್ಟಿದ್ದೆ, ನಿನ್ನೆ ಸಂಜೆ ಇದ್ದಕ್ಕಿದ್ದಂಗೆ ಗಾಳಿ ಮಳೆ ಬಂತಲ್ಲ, ನಾನು ಫೋನ್ ಕಾಲಲ್ಲಿದ್ದೆ, ಓಡಿ ಹೋಗೋಷ್ಟ್ರಲ್ಲಿ ಮೂರು ಮುದ್ದೆ ಆಗಿದೆ. ಮಗಳು ಅತ್ತಳು. ಚಿಕ್ಕವನಿಗೆ ಖುಷಿ, ಮುದ್ದೆ ಮುದ್ದೆ ಅಂತ ಕುಣಿದ. ಎಲ್ಲಾ ಎಸೆದು ಮೊದಲಿಂದ ಶುರು ಮಾಡ್ಬೇಕಾ?

ರಾಜಾಜಿನಗರದಜ್ಜಿ

ಯಾಕಮ್ಮ ಎಸೀತೀಯಾ, ಹಿಂಡಿ ಮತ್ತೆ ತಟ್ಸು. ಈ ಸಲ ಮೂರು ಗಂಟೆಗೇ ಒಳಗೆ ತಂದು ಫ್ಯಾನಿನ ಕೆಳಗಿಡು.