ಕ್ರೂಸ್ ಹಡಗಿನಲ್ಲಿ ಟಿಪ್ಸ್: ಎಷ್ಟು, ಯಾರಿಗೆ, ಯಾವಾಗ?

ಪ್ರಶ್ನೆ (ಉಡುಪಿ): ಸರ್, ಜನವರಿಯಲ್ಲಿ ಸಿಂಗಾಪುರದಿಂದ 4 ರಾತ್ರಿಯ ಕ್ರೂಸ್‌ಗೆ ಹೋಗುವವರಿದ್ದೇವೆ. ನಾವಿಬ್ಬರು, ಅಮ್ಮ, 6 ವರ್ಷದ ಮಗ. ಟಿಕೆಟ್ ಹಣ ಪೂರ್ತಿ ಕಟ್ಟಿ ಆಗಿದೆ. ಈಗ ಏಜೆಂಟ್ "ಗ್ರಾಚ್ಯುಟಿ ಬೇರೆ ಉಂಟು" ಅಂತಾರೆ. ನಮಗೆ ಗೊತ್ತಿರುವ ಗ್ರಾಚ್ಯುಟಿ ರಿಟೈರ್ ಆದಾಗ ಬರುವ ದುಡ್ಡು! ಇದನ್ನು ಕೊಡಲೇಬೇಕಾ?

ಉತ್ತರ: ಇಲ್ಲಿ ಗ್ರಾಚ್ಯುಟಿ ಅಂದರೆ ಟಿಪ್ಸ್. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಕ್ಯಾಬಿನ್‌ಗೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ಸೂಟ್‌ಗೆ (ದೊಡ್ಡ, ದುಬಾರಿ ಕೋಣೆ) ಇನ್ನೂ ಜಾಸ್ತಿ. ಮಗನಿಗೂ ಪೂರ್ತಿ ಲೆಕ್ಕ. 18 ಡಾಲರ್ ಅಂತ ಹಿಡಿದರೆ ನಾಲ್ಕು ಜನಕ್ಕೆ, 4 ರಾತ್ರಿಗೆ 288 ಡಾಲರ್. ಈಗಲೇ ಕಟ್ಟದಿದ್ದರೆ ಹಡಗಿನ ನಿಮ್ಮ ಖಾತೆಗೆ ದಿನದಿನವೂ ತಾನಾಗಿ ಬೀಳ್ತದೆ. ಮೊದಲೇ ಕಟ್ಟುವುದು ಒಳ್ಳೆಯದು, ಕೊನೆಯ ದಿನ ಬಿಲ್ ನೋಡಿ ಎದೆ ಧಸಕ್ ಅನ್ನುವುದಿಲ್ಲ.

ನಮ್ಮವರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಬಾರಿನ ಚೀಟಿಯಲ್ಲಿ. 12 ಡಾಲರಿನ ಜ್ಯೂಸ್ ತಗೊಂಡಿರಿ ಅಂತಿಟ್ಟುಕೊಳ್ಳಿ. 18% ಟಿಪ್ಸ್ ಮೊದಲೇ ಸೇರಿ 14.16 ಅಂತ ಅಚ್ಚಾಗಿರ್ತದೆ. ಅದರ ಕೆಳಗೆ 'ಹೆಚ್ಚುವರಿ ಟಿಪ್' ಅಂತ ಒಂದು ಖಾಲಿ ಗೆರೆ. ಕೊಡಲೇಬೇಕು ಅಂದುಕೊಂಡು ಅಲ್ಲಿ ಮತ್ತೆ 2 ಡಾಲರ್ ಬರೀತಾರೆ. ಬೇಡ. ಗೆರೆ ಎಳೆದು, ಒಟ್ಟು ಮೊತ್ತ ನೋಡಿ ಸಹಿ ಹಾಕಿ.

ಇನ್ನೊಂದು, ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ. ಹಡಗಿನವರು ಖರ್ಚಿಗೆಂದು ಕಾರ್ಡಿನಲ್ಲಿ ಮೊದಲೇ ಹಿಡಿದಿಟ್ಟ ಮೊತ್ತ ಬಿಡುಗಡೆ ಆಗಲಿಕ್ಕೆ ದಿನಗಟ್ಟಲೆ ಹಿಡೀತದೆ, ಅಷ್ಟು ದಿನ ನಿಮ್ಮದೇ ದುಡ್ಡು ನಿಮ್ಮ ಕೈಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡೇ ಸರಿ.

ಪ್ರಶ್ನೆ (ಅವರೇ): ಸರ್ವಿಸ್ ಸರಿ ಇಲ್ಲದಿದ್ರೆ ಈ ಟಿಪ್ಸನ್ನು ಬಿಲ್ಲಿನಿಂದ ತೆಗೆಸಬಹುದಂತೆ, ಹೌದಾ? ಅಮ್ಮನಿಗೆ ಈರುಳ್ಳಿ, ಬೆಳ್ಳುಳ್ಳಿ ಆಗುವುದಿಲ್ಲ, ಅದೇ ಚಿಂತೆ.

ಉತ್ತರ: ಹಲವು ಕಂಪನಿಗಳಲ್ಲಿ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಹೇಳಿ ತೆಗೆಸಬಹುದು, ಇಳಿಯುವ ಮೊದಲು. ಆದರೆ ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಆ ಹಣ ಒಬ್ಬ ವೇಟರಿನದ್ದಲ್ಲ. ಕ್ಯಾಬಿನ್ ಗುಡಿಸುವವರು, ಬಡಿಸುವವರು, ನಿಮ್ಮ ಕಣ್ಣಿಗೇ ಬೀಳದ ಹಿಂದಿನ ಕೆಲಸದವರು, ಎಲ್ಲರಿಗೂ ಹಂಚಿಹೋಗುವ ದುಡ್ಡು. ನಮ್ಮ ಮಂಗಳೂರು, ಉಡುಪಿಯ ಎಷ್ಟೋ ಮಕ್ಕಳು ಇದೇ ಕೆಲಸದಲ್ಲಿದ್ದಾರೆ.

ತೊಂದರೆ ಇದ್ದರೆ ಮೊದಲ ಅಥವಾ ಎರಡನೇ ದಿನವೇ ಹೇಳಿ. ಕೊನೆಯ ರಾತ್ರಿ ಹೇಳಿದರೆ ಸರಿಪಡಿಸಲು ಯಾರಿಗೂ ಸಮಯ ಇರುವುದಿಲ್ಲ. ಅಮ್ಮನ ಊಟದ ವಿಷಯ ಏಜೆಂಟ್ ಮೂಲಕ ಈಗಲೇ ಬರೆದು ತಿಳಿಸಿ. ಹತ್ತಿದ ದಿನವೇ ಹೆಡ್ ವೇಟರನ್ನು ಕಂಡು "ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೊಟ್ಟೆ ಇಲ್ಲ" ಅಂತ ಬಿಡಿಬಿಡಿಯಾಗಿ ಹೇಳಿ. ಬರೀ 'ವೆಜ್' ಅಂದರೆ ಪಾಸ್ತಾ ಸಾಸಿನಲ್ಲಿ ಬೆಳ್ಳುಳ್ಳಿ ಬಂದೇ ಬರ್ತದೆ. ಪ್ರತಿ ರಾತ್ರಿ ಮರುದಿನದ ಮೆನು ಕೇಳಿ ಆರಿಸಿಡಿ, ಅಡುಗೆಮನೆಗೆ ಬೇರೆ ಮಾಡಲು ಹೊತ್ತು ಸಿಗ್ತದೆ. ಬಫೆಗೆ ಈ ಏರ್ಪಾಡು ಅನ್ವಯಿಸುವುದಿಲ್ಲ, ಅಲ್ಲಿ ಜೋಪಾನ.

ಹಾಗೆ ಮುತುವರ್ಜಿಯಿಂದ ನೋಡಿಕೊಂಡವರಿಗೆ ಕೈಯಲ್ಲಿ ಐದೋ ಹತ್ತೋ ಡಾಲರ್ ಕೊಟ್ಟರೆ ಸಂತೋಷ, ಕಡ್ಡಾಯ ಅಲ್ಲ. 1 ಮತ್ತು 5ರ ನೋಟು ಊರಿಂದಲೇ ಒಯ್ಯಿರಿ. ಕೊನೆಗೆ ಬರುವ ಅಭಿಪ್ರಾಯದ ಫಾರ್ಮಿನಲ್ಲಿ ಅವರ ಹೆಸರು ಬರೆಯಲು ಮರೆಯಬೇಡಿ, ಬಡ್ತಿಗೆ ಅದು ಲೆಕ್ಕಕ್ಕೆ ಬರ್ತದೆ.

ಪ್ರಶ್ನೆ (ಸುರತ್ಕಲ್, ಟ್ಯಾಕ್ಸಿ ಚಾಲಕ): ಪಣಂಬೂರು ಬಂದರಿಗೆ ಬರುವ ಹಡಗಿನ ಪ್ರವಾಸಿಗಳನ್ನು ಮೂಡುಬಿದಿರೆ, ಕಾರ್ಕಳಕ್ಕೆ ಕರ್ಕೊಂಡು ಹೋಗ್ತೇವೆ. ಅವರು ಹಡಗಲ್ಲೇ ಟಿಪ್ಸ್ ಕಟ್ಟಿದ್ರೆ ನಮಗೆ ಬರ್ತದಾ?

ಉತ್ತರ: ಇಲ್ಲಣ್ಣ. ಹಡಗಿನ ಟಿಪ್ಸ್ ಹಡಗಿನ ಕೆಲಸದವರಿಗೆ ಮಾತ್ರ. ದಡದ ಚಾಲಕ, ಗೈಡ್‌ಗೆ ಪ್ರವಾಸಿಗಳು ಬೇರೆಯೇ ಕೊಡಬೇಕು. ಕೇಳಬೇಡಿ, ಕೊಟ್ಟರೆ ತಗೊಳ್ಳಿ. ಯೂರೋ, ಡಾಲರಿನ ನಾಣ್ಯ ಕೊಟ್ಟರೆ ಮಾತ್ರ "ನೋಟು ಉಂಟಾ" ಅಂತ ನಯವಾಗಿ ಕೇಳಿ. ಹಣ ಬದಲಿಸುವ ಅಂಗಡಿಯಲ್ಲಿ ನಾಣ್ಯ ತಗೊಳ್ಳುವುದಿಲ್ಲ, ಹರಿದ ನೋಟೂ ಕಷ್ಟ.