ಲಾನ್ ತುಂಬ ಕಳೆ, ಹುಲ್ಲು ಕತ್ತರಿಸೋ ಕ್ರಮ ಹೇಗಿರಬೇಕು?

ಅಂಗಳದ_ಹಸಿರು (ಮೈಸೂರು):
ಮನೆ ಮುಂದೆ ಮೆಕ್ಸಿಕನ್ ಹುಲ್ಲು ಹಾಕಿಸಿದ್ದೀವಿ. ಮಾಲಿ ತಿಂಗಳಿಗೊಂದು ಸಲ ಬಂದು ಮಿಷನ್‌ನಲ್ಲಿ ನುಣ್ಣಗೆ ಬೋಳಿಸಿ ಹೋಗ್ತಾರೆ. ಆಮೇಲೆ ನೋಡಿದ್ರೆ ಹುಳಿಸೊಪ್ಪು, ಕೊನ್ನಾರಿ, ಮುಟ್ಟಿದರೆ ಮುನಿ ಎಲ್ಲ ಎದ್ದಿರುತ್ತೆ. ಮಗು ಅಲ್ಲೇ ಆಡೋದ್ರಿಂದ ಔಷಧಿ ಹೊಡೆಸೋಕೆ ಮನಸ್ಸಿಲ್ಲ. ಕತ್ತರಿಸೋ ರೀತಿ ಬದಲಾಯಿಸಿದ್ರೆ ಕಳೆ ಕಮ್ಮಿ ಆಗುತ್ತಾ?

ಗರಿಕೆಪ್ರಿಯ:
ಖಂಡಿತ ಆಗುತ್ತೆ ಮೇಡಂ. ಮೊದಲು ಆ ಬೋಳಿಸೋದನ್ನ ನಿಲ್ಲಿಸಿ. ಎಷ್ಟೋ ಕಳೆಬೀಜ ಮೊಳೆಯೋಕೆ ಬೆಳಕು ಬೇಕು. ಹುಲ್ಲು ದಟ್ಟವಾಗಿದ್ರೆ ಮಣ್ಣಿಗೆ ಬೆಳಕು ಬೀಳಲ್ಲ, ಬುಡದ ತನಕ ಕತ್ತರಿಸಿದ್ರೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ನಿಮ್ಮ ಹುಲ್ಲಿಗೆ ಒಂದೂವರೆ ಇಂಚು ಎತ್ತರ ಸರಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಅಂದ್ರೆ ಎರಡೂಕಾಲು ಇಂಚು ಆದಾಗ ಒಂದೂವರೆಗೆ ಇಳಿಸಿ. ಮಳೆಗಾಲದಲ್ಲಿ ಬೇಗ ಬೇಗ ಬೇಕಾಗುತ್ತೆ, ಚಳಿಗಾಲದಲ್ಲಿ ಅಪರೂಪ. ಕ್ಯಾಲೆಂಡರ್ ನೋಡಿ ಕತ್ತರಿಸಬೇಡಿ, ಹುಲ್ಲು ನೋಡಿ ಕತ್ತರಿಸಿ.

ಕತ್ತರಿಸಿದ ಮೇಲೆ ಒಂದು ಎಸಳು ಕಿತ್ತು ನೋಡಿ. ತುದಿ ಜಜ್ಜಿ ನಾರುನಾರಾಗಿದ್ರೆ ಬ್ಲೇಡಿಗೆ ಸಾಣೆ ಹಿಡಿಸಬೇಕು. ಹಾಗೆ ಹರಿದ ತುದಿ ಒಣಗಿ ಲಾನ್ ಪೂರ್ತಿ ಬಿಳಿಚಿಕೊಳ್ಳುತ್ತೆ.

ಇನ್ನು ಹುಳಿಸೊಪ್ಪು. ಅದರ ಕಾಯಿ ಪುಟ್ಟ ಬೆಂಡೆಕಾಯಿ ಥರ ನೆಟ್ಟಗೆ ನಿಂತಿರುತ್ತೆ, ಮಾಗಿದಾಗ ತಾಗಿದ್ರೆ ಸಾಕು, ಬೀಜ ದೂರಕ್ಕೆ ಸಿಡಿಯುತ್ತೆ. ಕಾಯಿ ಕಟ್ಟೋ ಮುಂಚೆಯೇ ಕೈಯಲ್ಲಿ ಕಿತ್ತುಬಿಡಿ. ಮಾಲಿ ಬೇರೆ ಮನೆಯಿಂದ ಮಿಷನ್ ತಂದ್ರೆ ನಿಮ್ಮ ಗೇಟಿನ ಹತ್ರವೇ ಅಂಟಿದ ಹುಲ್ಲೆಲ್ಲ ಉಜ್ಜಿ ತೆಗೆಸಿ. ಅದರ ಜೊತೆ ಬೀಜವೂ ಬರುತ್ತೆ.

ಕಡಲಾಚೆ_ಕನ್ನಡಿಗ:
ನಾನಿರೋದು ನಾರ್ತ್ ಕೆರೊಲಿನಾದಲ್ಲಿ. ಇಲ್ಲಿ ಟಾಲ್ ಫೆಸ್ಕ್ಯೂ ಹುಲ್ಲು, 3ರಿಂದ 4 ಇಂಚು ಬಿಟ್ರೆ ಕ್ರ್ಯಾಬ್‌ಗ್ರಾಸ್ ಹಾವಳಿ ಕಮ್ಮಿ. ಕತ್ತರಿಸಿದ್ದನ್ನ ಅಲ್ಲೇ ಬಿಡ್ತೀವಿ, ಕೊಳೆತು ಗೊಬ್ಬರ ಆಗುತ್ತೆ. ಅಲ್ಲೂ ಅಷ್ಟೇ ಎತ್ತರ ಬಿಡಬಹುದಲ್ವಾ?

ಗರಿಕೆಪ್ರಿಯ:
ಬೇಡ ಸರ್. ಮೆಕ್ಸಿಕನ್ ಹುಲ್ಲನ್ನ ಅಷ್ಟು ಬಿಟ್ರೆ ಮೆತ್ತೆಗಟ್ಟಿ ಒಳಗೆಲ್ಲ ಕಂದು ಕಡ್ಡಿ ಆಗುತ್ತೆ. ಕತ್ತರಿಸಿದ್ದನ್ನ ಅಲ್ಲೇ ಬಿಡೋದು ಮಾತ್ರ ಒಳ್ಳೇದೇ, ಆದ್ರೆ ಕಳೆ ಬೀಜ ಕಟ್ಟಿದ್ರೆ ಗುಡಿಸಿ ಹೊರಗೆ ಹಾಕಿ.

ಅಂಗಳದ_ಹಸಿರು:
ಕೊನ್ನಾರಿಗೆ ಏನು ಮಾಡ್ಲಿ?

ಗರಿಕೆಪ್ರಿಯ:
ಅದು ಕತ್ತರಿಸಿದ್ರೆ ಸಾಯಲ್ಲ, ಮಣ್ಣೊಳಗಿನ ಗಡ್ಡೆಯಿಂದ ಮತ್ತೆ ಬರುತ್ತೆ. ಹೂ ತೆನೆ ಬಿಟ್ಟಾಗ ಅದರ ದಂಟನ್ನ ಬೆರಳಲ್ಲಿ ಹೊರಳಿಸಿ, ಮೂರು ಮೂಲೆ ಸಿಗುತ್ತೆ. ಮಳೆ ಬಂದು ಮಣ್ಣು ಮೆತ್ತಗಿರುವಾಗ ಕುರ್ಪಿ ಆಳಕ್ಕೆ ಇಳಿಸಿ ಗಡ್ಡೆ ಸಮೇತ ಎತ್ತಿ. ದಿನಾ ನೀರು ಹಾಯಿಸ್ತಿದ್ರೆ ಅದನ್ನೂ ಕಡಿಮೆ ಮಾಡಿ, ತೇವ ನಿಂತ ಕಡೆ ಕೊನ್ನಾರಿ ಜಾಸ್ತಿ.